ಕೆಂಪು ಪೀಪಿ

ಬೊಂಬೆ ಕಡೆಯುವ ಮೋಟರಿನ ಹಳೇ ಬೆಲ್ಟು ಮತ್ತೊಮ್ಮೆ ಸಿಂಚನಳ ಬೆನ್ನಿಗೆ ಬೀಳುವಷ್ಟರಲ್ಲಿ ಭಾನುಪ್ರಿಯ ಒಳನುಗ್ಗಿ, ಹುಡುಗಿಯ ಅಪ್ಪ ಬಾಲರಾಜುವಿನ ಕೈ ಹಿಡಿದಳು. ಗಲ್ಲಿಯ ಮಕ್ಕಳಿಗೆ ಸಂಜೆ ಶಾಲೆ ನಡೆಸುವ ಅವಳು, ಅಂದು ಪಾಠಕ್ಕೆ ಬಾರದ ಸಿಂಚನಳನ್ನು ಕರೆಯಲು ಬಂದಿದ್ದಳು. ಒಂಬತ್ತರ ಹುಡುಗಿ ಮೂಲೆಯಲ್ಲಿ ಮುದುಡಿದ್ದಳು. ತುಟಿ ಒಡೆದು ರಕ್ತ ಗದ್ದಕ್ಕಿಳಿದಿತ್ತು. ಕೊರಳಲ್ಲಿ ಕೆಂಪು ಮರದ ಪೀಪಿ. ಚನ್ನಪಟ್ಟಣದ ಆ ಗಲ್ಲಿಯ ಮಕ್ಕಳಿಗೆಲ್ಲ ಅಂಥ ಪೀಪಿ ಹಂಚಿದವಳು ಭಾನುಪ್ರಿಯಳೇ. ಯಾರಾದರೂ ಹೊಡೆದರೆ ಊದಬೇಕು. ಕೇಳಿಸಿಕೊಂಡ ಮಕ್ಕಳೆಲ್ಲ ಓಡಿಬಂದು, ಬಾಗಿಲಲ್ಲಿ ನಿಂತು, ಹೊಡೆಯುವವರನ್ನೇ ಸುಮ್ಮನೆ ನೋಡಬೇಕು. ಸಿಂಚನ ಮಾತ್ರ ಎಷ್ಟು ಏಟು ತಿಂದರೂ ಒಂದು ಸಲವೂ ಊದಿರಲಿಲ್ಲ.

“ನನ್ ಮಗ್ಳು, ನಾನ್ ಹೊಡೀತೀನಿ, ಸಾಯಿಸ್ತೀನಿ. ನೀನ್ಯಾವಳಮ್ಮಿ ಕೇಳಕ್ಕೆ?” ಎಂದು ಬಾಲರಾಜು ಅವಳನ್ನು ಗೋಡೆಗೆ ದಬ್ಬಿದ.

ಭಾನುಪ್ರಿಯಳ ತಲೆ ಧಿಮ್ಮೆಂದಿತು. ಬೆಲ್ಟನ್ನು ಕಿತ್ತುಕೊಂಡವಳೇ ಅವನ ಭುಜಕ್ಕೆ, ಕತ್ತಿಗೆ, ಮುಖಕ್ಕೆ ಬಾರಿಸತೊಡಗಿದಳು. “ಹೆಂಗೈತೆ? ಹೇಳ್ಲಾ, ಈಗ ಹೆಂಗೈತೆ?” ಅವನು ಕುಸಿದು ಕೂತು ತಲೆ ಮುಚ್ಚಿಕೊಂಡ. ಆದರೂ ಅವಳ ಕೈ ನಿಲ್ಲಲಿಲ್ಲ. ಒಂದೊಂದು ಏಟಿಗೂ ಎದೆ ತಣ್ಣಗಾಗುತ್ತಿತ್ತು.

ಆಗ ಪೀಪಿ ಕಿರುಚಿತು. ಅಪ್ಪನಿಗೆ ಅಡ್ಡ ನಿಂತು, ಒಡೆದ ತುಟಿಯಲ್ಲೇ, ಕಣ್ಣು ಮುಚ್ಚಿಕೊಂಡು ಸಿಂಚನ ಊದುತ್ತಿದ್ದಳು. ಗಲ್ಲಿಯ ಉದ್ದಕ್ಕೂ ಬರಿಗಾಲುಗಳು ದಡದಡನೆ ಓಡಿಬಂದವು. ಬಾಗಿಲ ತುಂಬ ಮಕ್ಕಳು. ಹೇಳಿಕೊಟ್ಟಿದ್ದಂತೆಯೇ, ಒಬ್ಬರೂ ತುಟಿ ಬಿಚ್ಚದೆ, ಅವರೆಲ್ಲ ಬೆಲ್ಟು ಹಿಡಿದು ನಿಂತಿದ್ದ ತಮ್ಮ ಭಾನಕ್ಕನನ್ನೇ ನೋಡತೊಡಗಿದರು.