ಎರಡೂ ಕೈ ಸ್ಟೀರಿಂಗ್ ಮೇಲೆ

"ಆ ಹುಡುಗ ಕೈ ಆಡಿಸಿರ್ತಾನೆ. ಸುಮ್‌ಸುಮ್ನೆ ಯಾರಾದ್ರೂ ಗುಂಡು ಹೊಡೀತಾರಾ?"

ಕ್ಷೌರದ ಕುರ್ಚಿಯಲ್ಲಿ ಕೂತಿದ್ದ ಎಲ್‌ವುಡ್ ಹೀಗಂದದ್ದೇ ತಡ, ಸರದಿಗೆ ಕಾಯುತ್ತಿದ್ದ ಡಿಮೀಟ್ರಿಯಸ್ ಎದ್ದು ನಿಂತ. ಸಿಟಿ ಬಸ್ ಓಡಿಸುವವನು. ಈ ಊರಿಗೆ ಬಂದು ತಿಂಗಳಾಗಿಲ್ಲ, ಆಗಲೇ ಬೀದಿಯ ನ್ಯಾಯವೆಲ್ಲ ಅವನದೇ.

"ಪೊಲೀಸರ ಪರ ವಕಾಲತ್ತಾ ಯಜಮಾನ್ರೇ? ಕನ್ನಡಿ ಎದುರಿಗೇ ಇದೆಯಲ್ಲ, ನಿಮ್ಮ ಬಣ್ಣ ಯಾವುದು ಅಂತ ಒಂದ್ಸಲ ನೋಡ್ಕೊಳ್ಳಿ!"

ಬೇರೆ ದಿನವಾಗಿದ್ದರೆ ಅಂಗಡಿಗೆ ಅಂಗಡಿಯೇ ಗೊಳ್ಳೆಂದು ನಗುತ್ತಿತ್ತು. ಇವತ್ತು ಖಾಯಂ ಗಿರಾಕಿಗಳಿಬ್ಬರೂ ತಮ್ಮ ಬೂಟು ನೋಡುತ್ತ ಕೂತರು. ಆಟ ಬರುವ ಶನಿವಾರವಾದರೂ ಕ್ಷೌರಿಕ ಕ್ಲೀಟಸ್ ಟಿವಿಯನ್ನೂ ಹಾಕಿರಲಿಲ್ಲ.

"ಸಾಕು ಮಾರಾಯ, ಕೂತ್ಕೋ," ಎಂದ ಕ್ಲೀಟಸ್.

ಡಿಮೀಟ್ರಿಯಸ್ ಕೂರುವ ಪೈಕಿಯೇ? ಎಲ್‌ವುಡ್‌ಗೆ ಹೊದಿಸಿದ್ದ ಕ್ಷೌರದ ಬಟ್ಟೆಯ ಕೆಳಗೆ ಇಣುಕುತ್ತಿದ್ದ ಕರಿ ಸೂಟು, ಫಳಫಳ ಬೂಟು ನೋಡಿದ. ಬಿಳಿಯರ ಜೊತೆ ಉಂಡು ಮೆತ್ತಗಾದ ಆಸಾಮಿ ಎಂದು ಲೆಕ್ಕ ಹಾಕಿದ.

"ಪೊಲೀಸ್ ಕಾರು ತಡೆದ್ರೆ ಅದಕ್ಕೊಂದು ಕ್ರಮ ಇದೆ," ಎಲ್‌ವುಡ್ ಪಾಠ ಒಪ್ಪಿಸುವವನಂತೆ ಹೇಳಿದ. "ಗಾಜು ಇಳಿಸ್ಬೇಕು. ಎರಡೂ ಕೈ ಸ್ಟೀರಿಂಗ್ ಮೇಲಿರ್ಬೇಕು. 'ಸರ್, ಲೈಸೆನ್ಸ್ ಹಿಂದಿನ ಜೇಬಲ್ಲಿದೆ, ತೆಗೀಲಾ ಸರ್?' ಅಂತ ಕೇಳ್ಬೇಕು. ತೆಗಿ ಅಂದ್ಮೇಲೆ ನಿಧಾನಕ್ಕೆ ತೆಗೀಬೇಕು. ಹೀಗೆ ಮಾಡಿದ್ರೆ ಯಾರೂ ಸಾಯಲ್ಲ. ಅವ್ನು ಏನೋ ಒಂದು ಮರ್ತಿರ್ತಾನೆ."

ಕ್ಲೀಟಸ್‌ನ ಕೈಯಲ್ಲಿದ್ದ ಮಷಿನ್ ನಿಂತಿತು.

"ಅದರ ವಿಡಿಯೋ ನೋಡಿದೀರಾ?" ಡಿಮೀಟ್ರಿಯಸ್ ಕೇಳಿದ.

"ಇಲ್ಲ."

"ನೋಡ್ದೇನೇ ತೀರ್ಪು! ಥೂ! ನಾನು ನೋಡಿದೀನಿ, ಕೇಳಿ. ಗಾಜು ಇಳಿಸ್ದ. ಕೈ ಸ್ಟೀರಿಂಗ್ ಮೇಲೇ ಇತ್ತು. ನೀವೀಗ ಹೇಳಿದ್ರಲ್ಲ, ಒಂದಕ್ಷರ ಬಿಡದೆ ಅದನ್ನೇ ಹೇಳ್ದ. ಪೊಲೀಸ್ ತೆಗಿ ಅಂದ. ಕೈ ಜೇಬಿಗೆ ಹೋಯ್ತೋ ಇಲ್ವೋ, ಹೊಡೆದೇ ಬಿಟ್ಟ."

"ಆತುರ ಮಾಡಿರ್ತಾನೆ." ಎಲ್‌ವುಡ್‌ನ ದನಿ ಒಡೆಯಿತು. "ಒಂದಾದ್ರೂ ತಪ್ಪು ಮಾಡಿರ್ಲೇಬೇಕಪ್ಪ. ಮಾಡಿರ್ಲೇಬೇಕು."

"ಏನೂ ತಪ್ಪು ಮಾಡಿಲ್ಲ ಕಣ್ರೀ! ಪಾಪದ ಹುಡುಗ!"

ಎಲ್‌ವುಡ್ ಕಣ್ಣು ಮುಚ್ಚಿಕೊಂಡ. ಕ್ಲೀಟಸ್ ಅವನ ಕತ್ತಿನ ಕೂದಲು ಝಾಡಿಸಿ, ಬಟ್ಟೆ ತೆಗೆದ. ಮಷಿನ್ನು, ಬಾಚಣಿಗೆ, ಕತ್ತರಿಯನ್ನು ಚೀಲಕ್ಕೆ ತುಂಬಿದ.

"ಮುಂದಿನದು ನಂದು," ಡಿಮೀಟ್ರಿಯಸ್ ಗೊಣಗಿದ.

"ಇವತ್ತು ಇಷ್ಟೇ. ಸತ್ತನಲ್ಲ, ಆ ಹುಡುಗನ ಮೊದಲ ಕ್ಷೌರ ಮಾಡಿದ್ದು ನಾನು, ಇದೇ ಕುರ್ಚಿಗೆ ಅಡ್ಡ ಹಲಗೆ ಇಟ್ಟು ಕೂರಿಸಿ. ಏನ್ ಅಳು ಅಂತೀಯ ಅವತ್ತು! ಇವತ್ತು ಮಣ್ಣು ಮಾಡ್ತಾರೆ, ಕೊನೇದೂ ನಾನೇ ಮಾಡ್ಬೇಕು. ಹೆಣ ಚರ್ಚಿಗೆ ಬರೋದ್ರೊಳಗೆ ಮುಗಿಸ್ಬೇಕು."

ಡಿಮೀಟ್ರಿಯಸ್ ಟೋಪಿ ತೆಗೆದ. ಎಲ್‌ವುಡ್ ಎದ್ದು ಕೋಟು ಸರಿಮಾಡಿಕೊಂಡು ಕ್ಲೀಟಸ್‌ನ ಹಿಂದೆಯೇ ನಡೆದ. ಬಾಗಿಲಲ್ಲಿ ನಿಂತು ತಿರುಗಿದ.

"ಒಂದಕ್ಷರ ಬಿಡದೆ ಹೇಳ್ದ ಅಂದ್ಯಲ್ಲಪ್ಪ... ಲೈಸೆನ್ಸ್ ಬಂದ ದಿನ ಕಾರಲ್ಲಿ ಕೂರಿಸ್ಕೊಂಡು ಬಾಯಿಪಾಠ ಮಾಡ್ಸಿದ್ದೆ ಕಣೋ, ನನ್ನ ಮಗನಿಗೆ."