ಮೂವತ್ತು ಡಿಗ್ರಿ

ವಿಜ್ಞಾನದ ಮಾಸ್ತರರು ಜಗತ್ತಿನ ಅತಿ ಬಿಸಿಯಾದ ಜಾಗಗಳ ದಾಖಲೆ ತಾಪಮಾನವನ್ನೆಲ್ಲ ಗ್ರಾಫ್ ಮಾಡಿ ಶಾಲೆಯ ಗೋಡೆಗೆ ಅಂಟಿಸಿದ್ದರು. ಡೆತ್ ವ್ಯಾಲಿಯ ಕಂಬ ಐವತ್ತಾರು ಡಿಗ್ರಿ ದಾಟಿತ್ತು. ಕುವೈತಿನದು ಅದರ ಭುಜಕ್ಕೆ ಬಂದಿತ್ತು. ದಿನಾ ಊಟದ ಗಂಟೆ ಹೊಡೆದ ಮೇಲೆ ಅಂಗಳದ ಥರ್ಮಾಮೀಟರ್ ನೋಡಿ ತಾವೇ ಬರೆಯುತ್ತಿದ್ದ, ಕೊನೆಯಲ್ಲಿದ್ದ ತಮ್ಮೂರಿನ ಕಂಬ ಮಾತ್ರ ಏನು ಮಾಡಿದರೂ ಮೂವತ್ತರ ಮೇಲೆ ಏಳಲೊಲ್ಲದು. ಹೊರಗೆ ನೋಡಿದರೆ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು.

"ನಾಡಿದ್ದು ಜಿಲ್ಲಾ ವಿಜ್ಞಾನ ಪ್ರದರ್ಶನ ಅದ. ಇದನ್ನ ನೋಡಿದವ್ರು ನಮ್ಮೂರಿಗೆ ಊಟಿ ಅಂತಾರ!"

"ತಲಿ ಬಿಸಿ ಮಾಡ್ಕೋಬ್ಯಾಡ್ರಿ ಸರ," ಎಂದು ಬಿಸಿಯೂಟದ ಅಡುಗೆಯಾಕೆ ದಿನದಂತೆ ಲೋಟದ ತುಂಬ ತಣ್ಣನೆಯ ಮಜ್ಜಿಗೆ ಕೊಟ್ಟಳು.

ಮರುದಿನ ಮಾಸ್ತರರಿಗೆ ತಡೆಯಲಾಗಲಿಲ್ಲ. ಊಟದ ಗಂಟೆಗೆ ಮೊದಲೇ ಹೋಗಿ, ಅಂಗಳದಲ್ಲಿದ್ದ ಥರ್ಮಾಮೀಟರಿನ ಬಿಳಿ ಮರದ ಪೆಟ್ಟಿಗೆ ತೆರೆದರು. ಒಳಗೆ ಥರ್ಮಾಮೀಟರಿಗೆ ಆತುಕೊಂಡು, ಒದ್ದೆ ಗೋಣಿತಟ್ಟು ಹೊದ್ದ ಗಡಿಗೆಯೊಂದು ಹಾಯಾಗಿ ಕುಳಿತಿತ್ತು.

"ಅಕ್ಕಾ! ಯಾರು ಇಟ್ರು ಇದನ್ನ?"

"ನಾನೇ ಇಟ್ಟೀನ್ರಿ. ಒಳಗ ನೆರಳದ, ಗಾಳಿನೂ ಆಡ್ತದ. ದಿನಾ ನೀವು ನೋಡ್ಲಿಕ್ಕ ಬರೋದ್ರಾಗ ತಗದಿರ್ತೀನಿ."

"ನನ್ನ ಗ್ರಾಫ್ ಹಾಳು ಮಾಡಿದಿ!"

"ನಿಮ್ಮ ಮಜ್ಜಿಗಿ ಅಷ್ಟು ತಣ್ಣಗ ಹ್ಯಾಂಗ ಇರ್ತದ ಅನ್ಕೊಂಡಿದ್ರಿ? ಬ್ಯಾಡಂದ್ರ ಇವತ್ತಿಂದ ಒಲಿ ಬಾಜೂಕ ಇಡ್ತೀನಿ."

ಮಾಸ್ತರರು ಪ್ರದರ್ಶನವನ್ನು ನೆನೆದರು. ಆಮೇಲೆ ತುಟಿ ಸವರಿಕೊಂಡರು.

"ಎರಡರಾಗ ಒಂದನ್ನ ಹೊರಗ ತಗೀಲೇಬೇಕು," ಎಂದವರೇ ಥರ್ಮಾಮೀಟರನ್ನು ಬಿಚ್ಚಿ, ಗಡಿಗೆಯಿದ್ದ ಪೆಟ್ಟಿಗೆಯ ಬಾಗಿಲನ್ನು ಮೆಲ್ಲಗೆ ಮುಚ್ಚಿದರು.