ಬಾಣಂತಿಯ ತೊಟ್ಟಿ

ಕಬ್ಬಿಣದ ಸಲಾಕೆ ಮತ್ತೊಮ್ಮೆ ಗಾಜಿಗೆ ಬಡಿಯಿತು. ಮೆಟ್ಟಿಲಿಳಿಯುತ್ತಿದ್ದ ಅಕ್ಕ ಸದ್ದಿನತ್ತ ಓಡಿದಳು.

ಅಕ್ವೇರಿಯಂನ ದೊಡ್ಡ ತೊಟ್ಟಿಯ ಮುಂದೆ ನಿಂತು ಸಲಾಕೆ ಬೀಸುತ್ತಿದ್ದವನು ತಂಗಿಯ ಗಂಡ, ಅಲ್ಲಿಯ ಪಂಪ್ ಮೆಕ್ಯಾನಿಕ್. ದಪ್ಪ ಗಾಜು ಉದ್ದಕ್ಕೂ ಬಿರಿದಿತ್ತು. ಒಳಗೆ ನೀರೆಲ್ಲ ಕಪ್ಪು. ಆಕ್ಟೋಪಸ್ ಕಾರಿದ ಮಸಿ.

ಆ ದೈತ್ಯ ಆಕ್ಟೋಪಸ್ ಊಟ ಬಿಟ್ಟು, ಬಂಡೆಯ ಪೊಟರೆಯಲ್ಲಿ ಮೊಟ್ಟೆ ಕಾಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಅಕ್ಕತಂಗಿಯರಿಬ್ಬರು. ಅವರ ಬಾಯಲ್ಲಿ ಅದು 'ಬಾಣಂತಿ'. 'ಅವಳು ಮಲಗಿದಾಳೆ', 'ಅವಳಿಗೆ ಸಿಟ್ಟು' ಎಂದೇ ಮಾತು. ತಂಗಿಯ ಗಂಡನಿಗೆ ಮಾತ್ರ ಅದರ ಸುದ್ದಿ ಎತ್ತಿದರೆ ಮೈ ಉರಿಯುತ್ತಿತ್ತು. "ಹೆಂಡ್ತಿ ಮನೇಲಿರೋದೇ ಇಲ್ಲ. ಒಂದಿನ ಅದನ್ನ ಕೊಚ್ಚಿ ಹಾಕ್ತೀನಿ" ಎಂದು ನಿನ್ನೆ ತಾನೇ ಕೂಗಾಡಿದ್ದ. ರಂಪಕ್ಕೆ ಬೇಸತ್ತ ತಂಗಿ, ನಾಳೆ ಕೆಲಸಕ್ಕೇ ಬರಲ್ಲ ಎಂದಿದ್ದಳು.

ಇವತ್ತು ಅಕ್ಕ ಮೇಲಿನ ಮಹಡಿಗೆ ಬಂದು ನೋಡಿದರೆ ತೊಟ್ಟಿಯ ಮುಚ್ಚಳ ಹಾರುಹೊಡೆದಿತ್ತು, ನೀರು ಮಸಿಯಾಗಿತ್ತು. ಕೆಣಕಿದ್ದಾನೆ, ಪಾಪಿ. ಇನ್ನೊಮ್ಮೆ ಕೈ ಹಾಕದಿರಲಿ ಎಂದು ಮುಚ್ಚಳಕ್ಕೆ ಬೀಗ ಜಡಿದು, ಅವನನ್ನು ಹುಡುಕುತ್ತ ಕೆಳಗಿಳಿದಿದ್ದಳು.

"ನಿಲ್ಸು!"

"ಬೀಗ ಹಾಕಿದ್ದು ನೀವಾ? ಕೀ ಕೊಡಿ ಅಕ್ಕಾ!" ಅವನ ಅಂಗೈ ಒಡೆದು ರಕ್ತ ಸುರಿಯುತ್ತಿತ್ತು.

"ಪ್ರಾಣ ಹೋದ್ರೂ ಕೊಡಲ್ಲ."

"ಅಯ್ಯೋ, ಅವಳು ಸತ್ತೋಗ್ತಾಳೆ!"

"ಅದಕ್ಕೇ ಕೊಡಲ್ಲ ಅಂದಿದ್ದು!"

ಸಲಾಕೆ ಮತ್ತೆ ಮೇಲೆದ್ದಿತು. ಪಕ್ಕದ ಪೀಠದ ಮೇಲೆ ಅಮೊನೈಟ್ ಇತ್ತು. ಆಕ್ಟೋಪಸ್‌ಗಳ ದೂರದ ನೆಂಟ, ಎಂದೋ ಅಳಿದು ಕಲ್ಲಾದ ಸುರುಳಿ ಚಿಪ್ಪು. ಅದನ್ನು ಎರಡೂ ಕೈಯಿಂದ ಎತ್ತಿ ಅವನ ತಲೆಗೆ ಅಪ್ಪಳಿಸಿದಳು. ಅವನು ಕುಸಿದ. ಆದರೂ ಸಲಾಕೆ ಬಿಡಲಿಲ್ಲ. ಮಂಡಿಯಲ್ಲೇ ನಿಂತು ಗಾಜಿಗೆ ಇನ್ನೊಂದು ಏಟು ಕೊಟ್ಟ. ಅವಳ ಎರಡನೆಯ ಏಟಿಗೆ ಬುರುಡೆ ಕರಕ್ಕೆಂದಿತು. ಅವನು ಮತ್ತೆ ಏಳಲಿಲ್ಲ.

ಅಷ್ಟರಲ್ಲಿ ಗಾಜು ಸಿಡಿಯಿತು. ಕಪ್ಪು ನೀರು ಅವಳನ್ನು ಗೋಡೆಗೆ ಎಸೆಯಿತು.

ನೀರು ಇಳಿದಾಗ, ಒಡೆದ ಗಾಜಿನ ಅಂಚಿನಲ್ಲಿ, ತಳದಲ್ಲುಳಿದ ಕಪ್ಪು ನೀರಿನಲ್ಲಿ ಅರ್ಧ ಮುಳುಗಿ, ಬಾಣಂತಿ ಮಸಿಯ ಮುದ್ದೆಯಾಗಿ ಮಿಸುಕುತ್ತಿದ್ದಳು. ಬದುಕಿದ್ದಳು! ಹೊಟ್ಟೆಯಡಿ ಏನನ್ನೋ ಅವಚಿಕೊಂಡಿದ್ದಳು. ಮೊಟ್ಟೆಗಳೇ ಇರಬೇಕು, ತಾಯಿ ಕರುಳು. ಅಕ್ಕ ಅಳುತ್ತ ನಗುತ್ತ ತೆವಳಿ ಹೋದಳು.

"ಏನೂ ಆಗಿಲ್ಲ ಕಣೇ, ನಾನಿದೀನಿ" ಎನ್ನುತ್ತ, ಬಿಗಿದ ತೋಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಕೊನೆಯ ತೋಳಿನಡಿ ತಂಗಿಯ ಮುಖವಿತ್ತು.